ಪಂಕಜಕ್ಕನ ನಾಲ್ಕನೆಯ ಹಂತ

ಗಿರಿನಗರದ ಪಂಕಜಕ್ಕ ಒಂದು ಗ್ಯಾಸ್ ಸ್ಟೌವ್ ಕೊಳ್ಳುವುದೆಂದರೆ ಅದೊಂದು ದೊಡ್ಡ ಸಮಾಲೋಚನೆ. ಮೊದಲು ಸುಬ್ರಹ್ಮಣ್ಯಪುರದಲ್ಲಿರುವ ತಮ್ಮ ಸೀನುವಿಗೆ ಫೋನು. ಎರಡು ಬರ್ನರಿನದು ತಗೊಳ್ಳಲೋ, ಮೂರರದೋ? ಸೀನು ಮೂರು ಅಂದನೆನ್ನಿ, ಕೂಡಲೇ ಜಯನಗರದಲ್ಲಿರುವ ತಂಗಿ ಶುಭಾಳಿಗೆ ಫೋನು. "ಸೀನು ಮೂರು ಅಂತಿದಾನೆ ಕಣೆ, ನೀನೇನಂತೀಯ?" ಒಬ್ಬಳಿಗೆ ಎರಡು ಸಾಲದೇ ಎಂದು ಶುಭಾ ಅಂದರೆ ಆ ಮಾತು ಮತ್ತೆ ಸೀನುವಿನ ಕಿವಿಗೆ. ನಡುವೆ ಪಕ್ಕದ ಮನೆಯ ಸಂಗೀತಾಳದ್ದೂ ಒಂದು ಅಭಿಪ್ರಾಯ ಬೀಳಬೇಕು. ಇಷ್ಟೆಲ್ಲ ಆಗಿ, ಅಂಗಡಿಯವನು ಯಾವುದನ್ನು ಕಟ್ಟಿಕೊಟ್ಟನೋ ಅದನ್ನೇ ತಂದು, ಎಲ್ಲರಿಗೂ ಇನ್ನೊಂದು ಸುತ್ತು ಫೋನು ಮಾಡಿ, "ಸರಿಯಾಗಿದೆ ಅಲ್ವಾ?" ಎಂದು ಕೇಳಿಕೊಂಡ ಮೇಲೆಯೇ ಅವಳು ಅದರ ಮೇಲೆ ಹಾಲಿಡುತ್ತಿದ್ದದ್ದು.

ಹಾಗಂತ ಪಂಕಜಕ್ಕ ಪೆದ್ದಿಯಲ್ಲ, ಪುಕ್ಕಲಿಯೂ ಅಲ್ಲ. ತಾಯಿ ತೀರಿಕೊಂಡಾಗ ಶುಭಾ ಇನ್ನೂ ಲಂಗ ಹಾಕಿಕೊಂಡು ಓಡಾಡುವ ಹುಡುಗಿ, ಸೀನು ಮೀಸೆ ಬಾರದ ಹುಡುಗ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಹಿಡಿದು, ಶಿಫ್ಟು ಮುಗಿಸಿ ಬಂದು ಸೌಟು ಹಿಡಿದು, ಇಬ್ಬರನ್ನೂ ದಡ ಸೇರಿಸಿದವಳು ಅವಳು. ಎಕ್ಸ್‌ಚೇಂಜಿನಲ್ಲಿ ಅವಳ ಬಾಯಿಗೆ ಸೂಪರ್‌ವೈಸರುಗಳೇ ಹೆದರುತ್ತಿದ್ದರಂತೆ. ಆದರೆ ತನ್ನ ಸ್ವಂತದ ವಿಷಯ ಬಂತೋ, ಎದುರಿಗಿರುವವರ ಮುಖ ನೋಡದೆ ಒಂದು ಹೆಜ್ಜೆ ಇಡಲು ಅವಳಿಂದ ಆಗುತ್ತಿರಲಿಲ್ಲ. ಒಮ್ಮೆ ಒಳ್ಳೆಯ ಸಂಬಂಧ ಬಂದಿತ್ತು, ಹುಡುಗನಿಗೂ ಒಪ್ಪಿಗೆಯಾಗಿತ್ತು. ಅವಳು ಎಲ್ಲರನ್ನೂ ಕೇಳಿದಳು. ಶುಭಾಳ ಓದು ಮುಗಿಯಲಿ ಎಂದರು ಸೋದರಮಾವ. ತಂದೆ ತಲೆ ತಗ್ಗಿಸಿದರು. ಶುಭಾ ಹೋಗಬೇಡ ಎಂದು ಅತ್ತಳು. ಹುಡುಗ ಬೇರೆ ಕಡೆ ಮದುವೆಯಾದ. ಅವಳ ಕೇಳುವ ಚಾಳಿಗೆ ನಗುತ್ತಿದ್ದ ಮನೆಯವರೆಲ್ಲ ಅದೇ ಚಾಳಿಯ ಅನ್ನ ಉಂಡು ಬೆಳೆದವರೇ.

ಅಕ್ಕ ಓದಿಸಿದ ಶುಭಾ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾದಳು. ಮಕ್ಕಳ ಎತ್ತರವನ್ನಾದರೆ ಗೋಡೆಗೆ ನಿಲ್ಲಿಸಿ ಗೆರೆ ಎಳೆದು ಅಳೆಯಬಹುದು. ದೊಡ್ಡವರ ಒಳಗಿನ ಎತ್ತರವನ್ನು ಅಳೆಯುವುದು ಹೇಗೆ? ಅದೇ ಅವಳು ಜೀವಮಾನವಿಡೀ ಮಾಡಿದ ಕೆಲಸ. ತಲೆ ನರೆತ ಮೇಲೂ, ಮೊಮ್ಮಕ್ಕಳಾದ ಮೇಲೂ ಮನುಷ್ಯ ಒಳಗೊಳಗೇ ಬೆಳೆಯುತ್ತಿರುತ್ತಾನೆ, ಆ ಬೆಳವಣಿಗೆಗೆ ಹಂತಗಳಿವೆ ಅನ್ನುವುದು ಅವಳ ಶಾಸ್ತ್ರದ ನಂಬಿಕೆ.

ಪ್ರಶ್ನೆಪತ್ರಿಕೆ ಕೊಟ್ಟು ಟಿಕ್ ಹಾಕಿಸುವ ಕೆಲಸವಲ್ಲ ಅದು. ಎದುರಿಗೆ ಕೂತವರ ಮುಂದೆ ಕೆಲವು ಕಾರ್ಡುಗಳನ್ನು ಹರಡುತ್ತಾಳೆ. ಒಂದೊಂದರ ಮೇಲೂ ಒಂದೊಂದು ಪದ: ಸಿಟ್ಟು, ಭಯ, ಗೆಲುವು, ಕಳೆದುಕೊಂಡದ್ದು, ಹೀಗೆ. ಬೇಕಾದ್ದನ್ನು ಎತ್ತಿಕೊಂಡು ಅವರು ತಮ್ಮ ಬದುಕಿನ ಒಂದು ಪ್ರಸಂಗ ಹೇಳಬೇಕು. ಶುಭಾ ಕೆದಕುತ್ತಾ ಹೋಗುತ್ತಾಳೆ. ಅದರಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು? ಹಾಗಾಗದೆ ಹೋಗಿದ್ದರೆ? ಅವಳು ಸಮಾಧಾನ ಹೇಳುವಂತಿಲ್ಲ, ಭೇಷ್ ಅನ್ನುವಂತಿಲ್ಲ, ಅಳುವವರ ಜೊತೆ ಅಳುವಂತಿಲ್ಲ. ಜನ ಏನು ತೀರ್ಮಾನ ಮಾಡಿದರು ಅನ್ನುವುದು ಇಲ್ಲಿ ಮುಖ್ಯವಲ್ಲ, ಎಲ್ಲಿ ನಿಂತು ಮಾಡಿದರು ಅನ್ನುವುದು ಮುಖ್ಯ. ಎದುರಿನವರ ಕಣ್ಣಲ್ಲಿ ತನ್ನನ್ನು ನೋಡಿಕೊಂಡು, ಅವರಿಗೆ ಸರಿ ಕಂಡದ್ದೇ ತನಗೂ ಸರಿ ಅನ್ನುವುದು ಮೂರನೆಯ ಹಂತ. ಎಲ್ಲರ ಮಾತನ್ನೂ ಕೇಳಿಸಿಕೊಂಡು ಕೊನೆಗೆ ತನ್ನದೇ ಅಳತೆಯಲ್ಲಿ ಅಳೆದು ನೋಡುವುದು ನಾಲ್ಕನೆಯದು. ಐದನೆಯದೂ ಒಂದಿದೆ, ಅದನ್ನು ಮುಟ್ಟಿದವರು ಸಿಗುವುದು ಅಪರೂಪ.

ಮೂರು ಕೀಳಲ್ಲ, ನಾಲ್ಕು ಮೇಲಲ್ಲ, ಇದು ಪರೀಕ್ಷೆಯ ಅಂಕವಲ್ಲ ಎಂದು ಮೊದಲ ಪಾಠದಲ್ಲೇ ಶುಭಾ ಹೇಳುತ್ತಾಳೆ. ಹೇಳುತ್ತಾಳೆ, ಅಷ್ಟೆ. ಮೂರು ಅನ್ನುವಾಗ ಅವಳ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು ಸುಳಿಯುವುದನ್ನು ಹಿಂದಿನ ಬೆಂಚಿನವರೂ ಗುರುತಿಸಿಬಿಡುತ್ತಾರೆ.

ಹೋದ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಜಯನಗರದ ಸಭಾಂಗಣವೊಂದರಲ್ಲಿ ಅವಳ ಉಪನ್ಯಾಸವಿತ್ತು. ಬಂದವರಲ್ಲಿ ನಿವೃತ್ತರೇ ಹೆಚ್ಚು. ಒಣ ಶಾಸ್ತ್ರ ಹೇಳಿದರೆ ತೂಕಡಿಸುತ್ತಾರೆಂದು ಅವಳಿಗೆ ಗೊತ್ತು. "ನನಗೆ ಗೊತ್ತಿರುವ ಒಬ್ಬರು ಇದ್ದಾರೆ" ಎಂದು ಶುರುಮಾಡಿ, ಗ್ಯಾಸ್ ಸ್ಟೌವಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು. ಮೂರನೆಯ ಹಂತವೆಂದರೆ ಇದೇ ನೋಡಿ ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಎರಡನೆಯ ಸಾಲಿನಲ್ಲಿ, ಸಂಘಟಕರಿಗೆಂದು ಮಾಡಿ ತಂದ ಕೋಡುಬಳೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಪಂಕಜಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ತಂಗಿಯ ಮಾತಿಗೆ ಇಷ್ಟು ಜನ ನಗುತ್ತಿದ್ದಾರಲ್ಲ ಎಂಬ ಸಂತೋಷ ಅವಳ ಮುಖದ ತುಂಬ ಇತ್ತು.

ವಾಪಸು ಬರುವಾಗ ಆಟೋದಲ್ಲಿ ಅವಳು ಮೆಲ್ಲಗೆ ಕೇಳಿದಳು. "ಅದು ನಾನೇ ತಾನೇ?"

"ಬೇಜಾರಾಯ್ತಾ ಅಕ್ಕ?"

"ಅಯ್ಯೋ, ಬೇಜಾರ್ಯಾಕೆ? ಇರೋದನ್ನೇ ತಾನೇ ಹೇಳಿದ್ದು." ಸೌತ್ ಎಂಡ್ ಸರ್ಕಲಿನಲ್ಲಿ ಸಿಗ್ನಲ್ ಬಿದ್ದಿತ್ತು. "ಆ ನಾಲ್ಕನೇದಕ್ಕೆ ಹೋಗ್ಬೇಕು ಅಂದ್ರೆ ಏನ್ ಮಾಡ್ಬೇಕು?"

ಶುಭಾ ಮೊಬೈಲಿನಲ್ಲಿ ಒಂದರ ಹಿಂದೊಂದು ಬರುತ್ತಿದ್ದ ಅಭಿನಂದನೆಗಳನ್ನು ಓದುತ್ತಿದ್ದಳು. "ಯಾರನ್ನೂ ಕೇಳ್ದೆ ಒಂದು ದೊಡ್ಡ ಡಿಸಿಷನ್ ತಗೋ. ಆಮೇಲೆ ನೋಡೋಣ."

"ಇಷ್ಟು ವಯಸ್ಸಾದ್ಮೇಲೂ ಆಗುತ್ತಾ?"

"ಆಗುತ್ತೆ ಅಂತ ತೋರ್ಸೋದೇ ಅಲ್ವಾ ನನ್ ಕೆಲ್ಸ? ನೀನ್ ಹಂಗ್ ಮಾಡಿದ್ರೆ ಎಲ್ಲರಿಗಿಂತ ಜಾಸ್ತಿ ಖುಷಿ ನಂಗೇ."

ತಮಾಷೆಗೆ ಆಡಿದ ಮಾತು. ತಮಾಷೆಯನ್ನು ತಮಾಷೆಯೆಂದು ತಿಳಿಯುವ ಬುದ್ಧಿ ಪಂಕಜಕ್ಕನಿಗೆ ಧಾರಾಳವಾಗಿತ್ತು. ಆದರೆ ಶುಭಾ ಬಾಯಿಬಿಟ್ಟು ಹೇಳಿದ್ದನ್ನು ತಳ್ಳಿಹಾಕಿದ ಅಭ್ಯಾಸ ಅವಳಿಗೆ ಯಾವತ್ತೂ ಇರಲಿಲ್ಲ.

ಅಲ್ಲಿಂದ ಮುಂದೆ ಫೋನು ಕಡಿಮೆಯಾಯಿತು. ಬಂದರೂ ಊಟ ಆಯ್ತಾ, ಕಾಲೇಜು ಹೇಗಿದೆ, ಇಷ್ಟೇ. ಏನನ್ನೂ ಕೇಳುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಗೇಟಿಗೆ ಗಿಳಿಹಸಿರು ಬಣ್ಣ ಹೊಡೆಸಿದ್ದಳು. ಸೀನು ಹೋಗಿ ನೋಡಿ ಬಂದು, "ಏನೇ ಇದು, ಅಕ್ಕನಿಗೆ ತಲೆ ಕೆಟ್ಟಿದೆಯಾ, ಕಣ್ ಬಿಡೋಕಾಗಲ್ಲ ಆ ಬಣ್ಣ ನೋಡಿ" ಎಂದು ಕೂಗಾಡಿದ. ಮಹಡಿಯ ಬಾಡಿಗೆದಾರರನ್ನು ತಾನೇ ಮಾತಾಡಿ ಗೊತ್ತುಮಾಡಿದಳು. ಎಕ್ಸ್‌ಚೇಂಜಿನ ಹಳೆಯ ಗೆಳತಿಯರ ಜೊತೆ ಕಾಶಿಗೆ ಹೋಗುತ್ತೇನೆಂದವಳು, ಹೊರಡುವ ಹಿಂದಿನ ದಿನ ಬೇಡವೆಂದು ಬಿಟ್ಟಳು. ಯಾಕೆಂದು ಸೀನು ಕೇಳಿದ್ದಕ್ಕೆ "ನಂಗೆ ಬೇಡ ಅನ್ನಿಸ್ತು" ಎಂದಳಂತೆ.

"ಬಿಡೋ, ಅವಳಿಗೆ ಹೆಂಗ್ ಬೇಕೋ ಹಂಗಿರ್ಲಿ. ಈಗ್ಲಾದ್ರೂ ತನ್ನ ಮನಸ್ಸಿನ ಮಾತು ಕೇಳ್ತಿದಾಳೆ" ಎಂದು ಶುಭಾ ತಾನೇ ದೊಡ್ಡವಳೆಂಬಂತೆ ಅಣ್ಣನಿಗೆ ಬುದ್ಧಿ ಹೇಳಿದಳು. ಒಳಗೊಳಗೇ ಅವಳಿಗೆ ಹೆಮ್ಮೆ. ಅರವತ್ತು ದಾಟಿದ ಮೇಲೂ ಮನುಷ್ಯರು ಬೆಳೆಯುತ್ತಾರೆ ಎಂದು ತಾನು ಬರೆದದ್ದಕ್ಕೆ ಸ್ವಂತ ಮನೆಯಲ್ಲೇ ಸಾಕ್ಷಿ ಸಿಕ್ಕಿತಲ್ಲ! ಜೊತೆಗೆ ಕೆಲಸ ಮಾಡುವ ಸಮನ್ವಿತಾಳ ಹತ್ತಿರ ಕಾಫಿ ಕುಡಿಯುತ್ತಾ ಅದನ್ನು ಹೇಳಿಕೊಂಡೂ ಆಯಿತು. ಫೋನು ಬಾರದಿರುವುದಕ್ಕೆ ನೂರು ಕಾರಣಗಳಿರಬಹುದು. ಶುಭಾಳ ಕಣ್ಣಿಗೆ ಬಿದ್ದದ್ದು ಅವಳ ಶಾಸ್ತ್ರಕ್ಕೆ ಒಗ್ಗುವ ಒಂದೇ ಒಂದು. ಜಯನಗರದಿಂದ ಗಿರಿನಗರ ಏನು ದೂರದ ಊರೇ? ಹೋಗಿ ಒಮ್ಮೆ ಮುಖ ನೋಡಿಕೊಂಡು ಬರುವುದಕ್ಕೆ ಅವಳಿಗೆ ಪುರಸೊತ್ತಾದದ್ದು ದೀಪಾವಳಿ ಕಳೆದ ಮೇಲೆ.

ಆವತ್ತು ಬಾಗಿಲು ತೆರೆದದ್ದು ಪಕ್ಕದ ಮನೆಯ ಸಂಗೀತಾ. "ಒಳಗಿದಾರೆ ಬನ್ನಿ ಮೇಡಂ" ಎಂದವಳೇ ತನ್ನ ಮನೆಗೆ ಹೋದಳು. ಪಂಕಜಕ್ಕ ನಡುಮನೆಯಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ತಂಗಿ ಬಂದರೆ ಹೊಸಿಲಿಗೇ ಬರುವವಳು ಇವತ್ತು ಏಳಲಿಲ್ಲ. ಕುತ್ತಿಗೆಯ ಮೂಳೆಗಳು ಎದ್ದು ಕಾಣುತ್ತಿದ್ದವು. ಎಡಗೈ ಊದಿಕೊಂಡು ಬಳೆ ಮಣಿಕಟ್ಟಿಗೆ ಕಚ್ಚಿಕೊಂಡಿತ್ತು.

"ಏನಕ್ಕ ಇದು?"

"ಕೂತ್ಕೋ ಮೊದ್ಲು. ಕಾಫಿ ನೀನೇ ಮಾಡ್ಕೋಬೇಕು. ಡಿಕಾಕ್ಷನ್ ಇದೆ."

"ಕೈಗೇನಾಯ್ತು?"

ಪಂಕಜಕ್ಕ ಅಡುಗೆಯ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಯುಗಾದಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಎದೆಯಲ್ಲಿ ಗಂಟು ಸಿಕ್ಕಿತ್ತು. ಆಸ್ಪತ್ರೆಗೆ ತಾನೊಬ್ಬಳೇ ಹೋದಳು. ಸೂಜಿ ಹಾಕಿ ನೋಡಿ ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ, ಕೀಮೋ ಕೊಟ್ಟರೆ ವಾಸಿಯಾಗುವ ಸಂಭವ ಚೆನ್ನಾಗಿದೆ ಎಂದರು. ಅವಳು ಮನೆಗೆ ಬಂದು ಯೋಚಿಸಿದಳು, ಬೇಡವೆಂದು ತೀರ್ಮಾನಿಸಿದಳು. ಈಗ ಬೆನ್ನು ನೋಯುತ್ತದೆ. ಮೊನ್ನೆ ಹೋಗಿ ಸ್ಕ್ಯಾನ್ ಮಾಡಿಸಿದಳು, ಬೆನ್ನುಮೂಳೆಗೆ ಇಳಿದಿದೆಯಂತೆ. ರೇಡಿಯೇಷನ್, ಅಂದರೆ ಕರೆಂಟ್ ಕೊಡಿಸಿಕೊಳ್ಳಿ ಎಂದರು, ಅದನ್ನೂ ಬೇಡವೆಂದಳು.

"ಯಾರನ್ನೂ ಕೇಳ್ಲಿಲ್ಲ ನೋಡು" ಎಂದಳು ಕೊನೆಗೆ. ಬತ್ತಿದ ಆ ಮುಖದಲ್ಲಿ ಒಂದು ಹೊಳಪಿತ್ತು. ಶುಭಾ ಎಂ.ಎ.ಯಲ್ಲಿ ಚಿನ್ನದ ಪದಕ ತಂದು ತೋರಿಸಿದಾಗ ಶುಭಾಳ ಮುಖದಲ್ಲಿ ಇದ್ದಿರಬಹುದಾದಂಥದ್ದು.

ಶುಭಾ ಅತ್ತಳು, ಬೈದಳು, ಅಕ್ಕನ ಮೊಣಕಾಲು ಹಿಡಿದುಕೊಂಡು ಕೆಳಗೆ ಕೂತುಬಿಟ್ಟಳು. "ನಂಗಾದ್ರೂ ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನೇ ತೀರ್ಮಾನ ಮಾಡ್ತಿದ್ದೆ ಕಣೆ. ನಾನು ಹೂಂ ಅಂತಿದ್ದೆ."

ಮಾರನೆಯ ದಿನ ಶುಭಾ ಆಸ್ಪತ್ರೆಯ ಕಾಗದಗಳನ್ನೆಲ್ಲ ಎತ್ತಿಕೊಂಡು ಡಾಕ್ಟರ ಮುಂದೆ ಕೂತಳು. ಅವರು ಸಾವಧಾನದಿಂದ ಹೇಳಿದರು. ಯುಗಾದಿಯಲ್ಲೇ ಆಪರೇಷನ್ ಆಗಿದ್ದರೆ ಮಾತೇ ಬೇರೆ ಇತ್ತು. ಈಗ ವಾಸಿ ಮಾಡುವ ಮಾತಿಲ್ಲ. ಆದರೆ ಬೆನ್ನಿಗೆ ಕರೆಂಟ್ ಕೊಟ್ಟು, ಮಾತ್ರೆ ಶುರುಮಾಡಿದರೆ ನೋವು ಬಹಳ ಮಟ್ಟಿಗೆ ಇಳಿಯುತ್ತದೆ. ವರ್ಷವೋ, ಇನ್ನೂ ಸ್ವಲ್ಪ ಹೆಚ್ಚೋ ಕಾಲ ಓಡಾಡಿಕೊಂಡಿರಬಹುದು. ಕೊಡದಿದ್ದರೆ ಮೂಳೆ ಕುಸಿದು, ನರ ಅಮುಕಿ, ಕಾಲು ಬಿದ್ದುಹೋಗುತ್ತದೆ. ಮಲಗಿದಲ್ಲೇ ಎಲ್ಲ. ಅದಕ್ಕೆ ಹೆಚ್ಚು ದಿನ ಬೇಕಿಲ್ಲ. "ಅವರನ್ನ ಒಪ್ಪಿಸಿ ಕರ್ಕೊಂಡ್ ಬನ್ನಿ ಮೇಡಂ. ನೀವು ಸೈಕಾಲಜಿಯವರೇ ಅಂತೀರಲ್ಲ" ಎಂದರು ಡಾಕ್ಟರು. ಅವರ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಶುಭಾಳಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು.

ಒಪ್ಪಿಸುವುದು ಸುಲಭವಿರಲಿಲ್ಲ. ಸೀನು ಬಂದು ಕಿರುಚಾಡಿದ, ಆಮೇಲೆ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ. ಶುಭಾ ವಾರವೆಲ್ಲ ಗಿರಿನಗರದಲ್ಲೇ ಉಳಿದು ಬೇಡಿಕೊಂಡಳು. ಪಂಕಜಕ್ಕ ಅಲುಗಲಿಲ್ಲ. ನೋವು ಬಂದಾಗ ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಅದು ಇಳಿದ ಮೇಲೆ ಏನೂ ಆಗದವಳಂತೆ, "ಹುಳಿಗೆ ಇಂಗು ಹಾಕಿದ್ಯಾ?" ಎನ್ನುತ್ತಿದ್ದಳು. ಬಲವಂತವಾಗಿ ಎತ್ತಿಕೊಂಡು ಹೋಗೋಣವೆಂದ ಸೀನು. ಬುದ್ಧಿ ಸ್ವಾಧೀನದಲ್ಲಿರುವವರನ್ನು ಎತ್ತಿಕೊಂಡು ಹೋಗಿ ಚಿಕಿತ್ಸೆ ಮಾಡಿಸಲು ಬರುವುದಿಲ್ಲ, ಅವಳೇ ಹೂಂ ಅನ್ನಬೇಕು ಎಂದಳು ಶುಭಾ. ಅವಳಿಂದ ಆ ಹೂಂ ಹೊರಡಿಸುವುದು ಹೇಗೆ ಅನ್ನುವುದೊಂದೇ ಈಗ ಅವಳ ತಲೆಯಲ್ಲಿದ್ದ ಯೋಚನೆ.

ಹೀಗಿರುವಾಗ ಒಂದು ದಿನ ಪಂಕಜಕ್ಕನೇ ಬಾಯಿಬಿಟ್ಟಳು. "ನಿನ್ ಕಾರ್ಡ್ ತಗೊಂಡ್ ಬಾ. ನನ್ನನ್ನ ಅಳೆ."

"ಹತ್ತಿರದ ಸಂಬಂಧದವರನ್ನ ಅಳೆಯೋ ಹಾಗಿಲ್ಲ ಅಕ್ಕ. ಮನಸ್ಸು ವಾಲುತ್ತೆ."

"ವಾಲ್ಲಿ ಬಿಡು, ಯಾವ್ ಪುಸ್ತಕಕ್ಕೆ ಹಾಕ್ಬೇಕು? ನಂಗ್ ಗೊತ್ತಾಗ್ಬೇಕು ಅಷ್ಟೆ. ನಾನು ನಾಲ್ಕಕ್ಕೆ ಹೋದ್ನೋ ಇಲ್ವೋ."

ಶುಭಾ ಹೂಂ ಅಂದಳು. ಕೆದಕುತ್ತಾ ಹೋದರೆ ಅಕ್ಕನ ಹಟದಲ್ಲಿ ಎಲ್ಲಾದರೂ ಒಂದು ಬಿರುಕು ಸಿಗಬಹುದು, ಅಲ್ಲಿಂದ ನುಗ್ಗಬಹುದು ಅನ್ನುವ ಆಸೆ ಅವಳಿಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತರು. ಶುಭಾ ಟೀಪಾಯಿಯ ಮೇಲೆ ಕಾರ್ಡುಗಳನ್ನು ಹರಡಿದಳು. ಪಂಕಜಕ್ಕ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದಳು. ಭಯವನ್ನು ಮುಟ್ಟಲಿಲ್ಲ. ಕಳೆದುಕೊಂಡದ್ದನ್ನು ಪಕ್ಕಕ್ಕೆ ಸರಿಸಿದಳು. 'ಗೆಲುವು' ಎಂದಿದ್ದ ಕಾರ್ಡನ್ನು ಬಲಗೈಯಲ್ಲಿ ಎತ್ತಿಕೊಂಡಳು.

"ಆಸ್ಪತ್ರೇಲಿ ರಿಪೋರ್ಟ್ ಕೈಗ್ ಕೊಟ್ರಲ್ಲ, ಆವತ್ತಿಂದು" ಎಂದು ಶುರುಮಾಡಿದಳು. "ಹೊರಗಡೆ ಬೆಂಚ್ ಮೇಲೆ ಕೂತ್ಕೊಂಡೆ. ಎಲ್ಲರ ಜೊತೇಲೂ ಯಾರೋ ಒಬ್ರು ಬಂದಿದ್ರು. ಫೋನ್ ತೆಗ್ದೆ. ನಿನ್ ನಂಬರ್ ಒತ್ತಕ್ಕೆ ಹೋದೆ. ಒತ್ತಲಿಲ್ಲ. ಎದ್ದು ಹೊರಗ್ ಬಂದು, ಒಂದ್ ಎಳನೀರು ಕುಡ್ದು, ಬಸ್ ಹತ್ತಿ ಮನೆಗ್ ಬಂದೆ."

"ಅದರಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?" ಎಷ್ಟೋ ಜನರಿಗೆ ಕೇಳಿದ ಪ್ರಶ್ನೆ ಅದು.

"ನಿನಗೆ ಫೋನ್ ಮಾಡ್ದೇ ಇರೋದು."

"ಯಾಕೆ ಮಾಡ್ಲಿಲ್ಲ?"

"ನಿಂಗೆ ಖುಷಿ ಆಗುತ್ತೆ ಅಂತ. ನೀನೇ ಹೇಳಿದ್ಯಲ್ಲ ಆಟೋದಲ್ಲಿ."

ಶುಭಾ ಅಳಲಿಲ್ಲ, ಅಳುವಂತಿರಲಿಲ್ಲ. ಬೇಕಾಗಿದ್ದ ಬಿರುಕು ಸಿಕ್ಕಿತ್ತು. ಇದು ಮೂರನೆಯ ಹಂತವೇ, ಅನುಮಾನವಿಲ್ಲ. ಸಾಯುವ ತೀರ್ಮಾನವನ್ನೂ ಅಕ್ಕ ಇನ್ನೊಬ್ಬರ ಸಂತೋಷಕ್ಕೆ ಮಾಡಿದ್ದಾಳೆ, ಆ ಇನ್ನೊಬ್ಬರು ತಾನು. ಆ ಕ್ಷಣದಲ್ಲಿ ಅವಳಿಗೆ ತನ್ನ ಓದು, ತನ್ನ ಉಪನ್ಯಾಸ, ಆ ಚಪ್ಪಾಳೆ, ಎಲ್ಲದರ ಮೇಲೂ ಹೇಸಿಗೆಯಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಷ್ಟು ವರ್ಷಗಳ ಅಭ್ಯಾಸ ಸುಮ್ಮನಿರುತ್ತದೆಯೇ? ಮೊದಲ ಉತ್ತರಕ್ಕೆ ನಿಲ್ಲಬಾರದು, ಮುಂದಕ್ಕೂ ಕೇಳಬೇಕು ಅನ್ನುವುದು ಕಸುಬಿನ ನಿಯಮ. ಕೇಳಿದಳು.

"ನಂಗೆ ಖುಷಿ ಆಗಲ್ಲ, ಸಿಟ್ಟು ಬರುತ್ತೆ ಅಂತ ಆವತ್ತೇ ಗೊತ್ತಿದ್ದಿದ್ರೆ?"

ಮಹಡಿಯವರ ಮಿಕ್ಸಿ ಓಡಿ ನಿಂತಿತು.

"ಮೊದಲನೇ ದಿನ ಆಗಿದ್ರೆ ನಿಂಗೆ ಫೋನ್ ಮಾಡಿರ್ತಿದ್ದೆ. ಆಮೇಲೆ ಇಲ್ಲ" ಎಂದಳು ಕೊನೆಗೆ. "ಮನೆಗ್ ಬಂದ್ಮೇಲೆ ಕೂತು ಯೋಚ್ನೆ ಮಾಡ್ದೆ ಕಣೆ. ನಿಂಗೇನ್ ಅನ್ಸುತ್ತೆ, ಸೀನುಗೇನ್ ಅನ್ಸುತ್ತೆ, ಎಲ್ಲಾನೂ ಮನಸ್ಸಲ್ಲಿ ಒಂದೊಂದಾಗಿ ಕೇಳಿಸ್ಕೊಂಡೆ. ನೀವು ಕೂಗಾಡೋದು, ಅಳೋದು ಎಲ್ಲಾ ಕೇಳಿಸ್ತು. ಪಾಪ ಅನ್ನಿಸ್ತು. ಅದೆಲ್ಲಾ ಆದ್ಮೇಲೆ, ಸರಿ, ನಂಗೇನ್ ಬೇಕು ಅಂತ ಕೇಳ್ಕೊಂಡೆ. ಮೊದ್ಲು ಉತ್ತರಾನೇ ಬರ್ಲಿಲ್ಲ. ಯಾರೂ ಕೇಳಿರ್ಲಿಲ್ವಲ್ಲ, ನಾನೂ ಕೇಳ್ಕೊಂಡಿರ್ಲಿಲ್ಲ. ಆಮೇಲೆ ಮೆಲ್ಲಗೆ ಬಂತು. ಆಪರೇಷನ್ನು, ಆಸ್ಪತ್ರೆ ಮಂಚ ನಂಗ್ ಬೇಡ. ಈ ಮನೇಲಿ ಬೆಳಗ್ಗೆ ಎದ್ದು, ನನ್ ಕಾಫಿ ನಾನೇ ಮಾಡ್ಕೊಂಡು, ಬಾಗಿಲಲ್ಲಿ ಕೂತು ಕುಡೀಬೇಕು. ಎಷ್ಟು ದಿನ ಆಗುತ್ತೋ ಅಷ್ಟು. ಯಾರಿಗೂ ಒಪ್ಪಿಗೆ ಆಗ್ದಿದ್ರೂ ಸರಿ. ತಪ್ಪಾದ್ರೆ ಆ ತಪ್ಪು ನಂದು."

ಶುಭಾ ಇಷ್ಟು ಕಾಲ ನೂರಾರು ಜನರ ಮಾತು ಕೇಳಿದವಳು; ದೊಡ್ಡ ಅಧಿಕಾರಿಗಳು, ಪ್ರೊಫೆಸರುಗಳು, ತಾವು ಯಾರಿಗೂ ಬಗ್ಗುವವರಲ್ಲ ಎಂದು ಎದೆ ಬಡಿದುಕೊಂಡವರು ಎಲ್ಲ ಬಂದು ಹೋಗಿದ್ದರು. ಅವರಲ್ಲಿ ಎಷ್ಟು ಜನ ಕೊನೆಗೂ ಮೂರರಲ್ಲೇ ನಿಂತಿದ್ದರು! ಇಷ್ಟು ನಿಚ್ಚಳವಾದ ನಾಲ್ಕನ್ನು ಅವಳು ಕಂಡದ್ದು ಕಡಿಮೆ. ಯಾವುದೋ ತಮಾಷೆಯ ಮಾತಿನ ಮೇಲೆ ಕಾಲಿಟ್ಟು ಹೊರಟ ಅಕ್ಕ ದಾರಿಯಲ್ಲೆಲ್ಲೋ ತಂಗಿಯನ್ನು ಬಿಟ್ಟು, ತನ್ನ ಕಾಲ ಮೇಲೆ ತಾನೇ ನಡೆಯತೊಡಗಿದ್ದಳು. ತೀರ್ಮಾನ ತಪ್ಪೋ ಸರಿಯೋ, ಅದು ಅವಳದು.

ಅಷ್ಟರಲ್ಲಿ ನೋವು ಬಂತು. ಪಂಕಜಕ್ಕನ ಕೈಯಿಂದ ಕಾರ್ಡು ಜಾರಿತು. ಕುರ್ಚಿಯ ಕೈಯನ್ನು ಹಿಡಿದು, ಹಲ್ಲು ಕಚ್ಚಿ, ತಡೆಯಲಾರದೆ "ಅಮ್ಮಾ" ಎಂದಳು. ಈ ವಾರದಲ್ಲಿ ಒಂದು ಸಲವೂ ಕೂಗಿರಲಿಲ್ಲ. ಶುಭಾ ಓಡಿ ಬಂದು ಬೆನ್ನಿಗೆ ಕೈ ಕೊಟ್ಟಳು. ಎಡಗಾಲು ಜೋಮು ಹಿಡಿದಂತಿದೆ, ನಿನ್ನೆಯಿಂದ ಹೀಗೇ ಎಂದು ಪಂಕಜಕ್ಕ ಏದುಸಿರಿನ ನಡುವೆ ಹೇಳಿದಳು. ಕಾಲು ಬಿದ್ದುಹೋಗುತ್ತದೆ ಎಂದ ಡಾಕ್ಟರ ಮಾತು ಶುಭಾಳ ಕಿವಿಯಲ್ಲಿ ಗುಂಯ್‌ಗುಟ್ಟಿತು. ಬಾಗಿಲಲ್ಲಿ ಕೂತು ಕಾಫಿ ಕುಡಿಯುವ ದಿನಗಳೂ ಮುಗಿಯುತ್ತ ಬಂದಿದ್ದವು. ಇನ್ನು ಮುಂದೆ ಇರುವುದು ಬರೀ ಹಾಸಿಗೆ, ಬರೀ ನೋವು. ಹಾಗೆಂದು ಈ ವಾರದಲ್ಲಿ ಎಷ್ಟು ಸಲ ಹೇಳಿದರೂ ಅಕ್ಕ ಕೇಳಿರಲಿಲ್ಲ.

ನೋವು ಇಳಿಯಿತು. ಪಂಕಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗಿಯಂತೆ ತಂಗಿಯ ಕಡೆ ತಿರುಗಿದಳು.

"ಹೇಳು. ಬಂತಾ ನಾಲ್ಕು?"

ಹೌದು ಎಂದುಬಿಟ್ಟರೆ ಅಕ್ಕ ನಗುತ್ತಾಳೆ. ಆ ನಗುವಿನ ಬಲದಲ್ಲೇ ಎಲ್ಲ ನೋವನ್ನೂ ನುಂಗುತ್ತಾಳೆ, ಆಸ್ಪತ್ರೆಯ ಮೆಟ್ಟಿಲು ತುಳಿಯುವುದಿಲ್ಲ. ಇಲ್ಲ ಎಂದರೆ? ಅವಳು ತಂಗಿಯ ಮಾತನ್ನು ಎಂದೂ ಅನುಮಾನಿಸಿದವಳಲ್ಲ. ಶುಭಾಳಿಗೆ ಅಕ್ಕ ಬೇಕಾಗಿದ್ದಳು. ಕಾಲು ಬಿದ್ದುಹೋಗದ, ನೋವಿನಿಂದ ಕೂಗದ, ಇನ್ನೊಂದು ವರ್ಷವಾದರೂ ಇರುವ ಅಕ್ಕ. ಅಂದು ಅಕ್ಕನ ಮದುವೆಯ ಮಾತು ಬಂದಾಗ ಹೋಗಬೇಡ ಎಂದು ಅತ್ತ ಹುಡುಗಿಗೆ ಬೇಕಾಗಿದ್ದದ್ದೂ ಅದೇ.

"ಇಲ್ಲ ಅಕ್ಕ" ಎಂದಳು ಶುಭಾ. "ಮೂರೇ."

"ಮೂರೇನಾ?"

"ನಂಗೆ ಖುಷಿ ಆಗುತ್ತೆ ಅಂತ ಮಾಡ್ದೆ ಅಂದ್ಯಲ್ಲ. ಅಲ್ಲೇ ನಿಂತ್‌ಹೋಯ್ತು."

"ಆಮೇಲೆ ಹೇಳಿದ್ದು?"

"ಅದು ಲೆಕ್ಕಕ್ಕೆ ಬರಲ್ಲ."

ಶುಭಾ ತನ್ನ ಕಸುಬಿನಲ್ಲಿ ಬೇರೆ ಬೇರೆ ತಪ್ಪು ಮಾಡಿದ್ದುಂಟು, ಬೇಕೆಂದೇ ಸುಳ್ಳು ಅಂಕ ಕೊಟ್ಟದ್ದು ಇದೊಂದೇ ಸಲ. ಪಂಕಜಕ್ಕನ ಮುಖ ಮೆಲ್ಲಗೆ ಆರಿತು. ಅವಳು ಅಳಲಿಲ್ಲ, ವಾದಿಸಲಿಲ್ಲ. ಟೀಪಾಯಿಯ ಮೇಲಿನ ಕಾರ್ಡುಗಳನ್ನು ಒಂದೇ ಕೈಯಲ್ಲಿ ಕೂಡಿಸಿ, ಅಂಚು ಸರಿಮಾಡಿ, ತಂಗಿಯ ಮುಂದೆ ಇಟ್ಟಳು.

"ಹಾಗಾದ್ರೆ ಇಷ್ಟು ದಿನ ನೋವು ತಿಂದಿದ್ದು ದಂಡ ಆಯ್ತಲ್ಲ" ಎಂದಳು.

ಹೇಳಿದ್ದು ಸುಳ್ಳು, ನಿನ್ನಂಥವಳನ್ನು ನಾನು ಕಂಡೇ ಇಲ್ಲ ಎಂದು ಶುಭಾಳ ನಾಲಿಗೆಯ ತುದಿಯವರೆಗೆ ಬಂತು. ಅಕ್ಕನ ಎಡಗಾಲಿನ ಬೆರಳುಗಳ ಕಡೆ ನೋಡಿ ಅದನ್ನು ನುಂಗಿಕೊಂಡಳು. "ಆಸ್ಪತ್ರೆಗೆ ಹೋಗೋಣ ಬಾ ಅಕ್ಕ. ಸೀನು ಕಾರ್ ತರ್ತಾನೆ. ನನ್ ಮಾತು ಕೇಳು."

"ಹೂಂ. ನೀನ್ ಹೇಳ್ದಂಗೇ ಆಗ್ಲಿ."

ಸೀನುವಿಗೆ ಫೋನು ಮಾಡಿ ಬರುವಷ್ಟರಲ್ಲಿ ಪಂಕಜಕ್ಕ ಗೋಡೆ ಹಿಡಿದುಕೊಂಡು ರೂಮಿಗೆ ಹೋಗಿದ್ದಳು. ಬೀರುವಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಶುಭಾ ಗಾಬರಿಯಾಗಿ ಒಳಗೆ ಹೋದಳು. ಅಕ್ಕ ಬೀರುವಿನ ಮುಂದೆ, ಒಳಗಿನ ಬಟ್ಟೆಗಳನ್ನೇ ನೋಡುತ್ತಾ, ಒಂದನ್ನೂ ಮುಟ್ಟದೆ ನಿಂತಿದ್ದಳು.

"ಶುಭಾ, ಯಾವ ಸೀರೆ ಉಟ್ಕೊಳ್ಲಿ?"

ಶುಭಾ ಬೀರುವಿನ ಬಾಗಿಲು ಹಿಡಿದು ನಿಂತಳು. ಪಂಕಜಕ್ಕ ಕಾದಳು. ಮತ್ತೆ ಕೇಳಿದಳು.

"ಯಾವ್ದಾದ್ರೂ ಒಂದು ಹೇಳೇ. ನಂಗ್ ಗೊತ್ತಾಗ್ತಿಲ್ಲ."